ಮೈಕಣ್ಣ ನೋಡದೆ ಹೇಳಿದ ಒಂದು ಮಾತು

ಮುಖ ನೋಡುವುದಕ್ಕೆ ಎಷ್ಟೋ ಮೊದಲೇ ಅವಳು ಅವನ ದನಿ ಕೇಳಿದ್ದಳು. ಮದುವೆಯಾಗಿ ಹೊಸದಾಗಿ ಆ ಬೀದಿಗೆ ಬಂದಿದ್ದಳು. ಅಡುಗೆಮನೆಯ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದಾಗ ಬೀದಿಯ ತುದಿಯಿಂದ ಗರಗರ ಎಂದು ಮೈಕಿನ ಸದ್ದು ಬಂತು. ಅದರ ಬೆನ್ನಿಗೇ ಒಂದು ಗಂಡಸಿನ ದನಿ.

"ಎಲ್ಲರೂ ಕೇಳಿ. ಒಂದು ಮಗು ಸಿಕ್ಕಿದೆ. ಗಂಡು ಮಗು. ಕೆಂಪು ಅಂಗಿ, ಚಡ್ಡಿ ಇಲ್ಲ. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇದೆ, ಅದೂ ಯಾರೋ ಹೆಂಗಸರ ಚಪ್ಪಲಿ. ಹೆಸರು ಕೇಳಿದ್ರೆ ಕಚ್ಚುತ್ತೆ. ನನ್ನ ಸೈಕಲ್ ಮೇಲೇ ಕೂತಿದೆ, ಸಿಂಬಳ ಎಲ್ಲ ನನ್ನ ತೋಳಿಗೇ ಒರೆಸ್ತಿದೆ. ನೋಡಿ ಬಂದೇ ಹೇಳ್ತಿದ್ದೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ತಪ್ಪಲೆ ಜಾರಿ ಠಣ್ ಎಂದು ಬಿತ್ತು. ಹಿತ್ತಲಿನಿಂದ ಅತ್ತೆ ಕೂಗಿ ಹೇಳಿದಳು: "ನಗಬೇಡ್ವೇ. ಅವನು ನಮ್ಮ ಮೈಕಣ್ಣ. ನೋಡದೆ ಒಂದು ಮಾತು ಆಡೋನಲ್ಲ. ಗೋಡೆ ಗಡಿಯಾರ ತಪ್ಪಬಹುದು, ಅವನು ತಪ್ಪಲ್ಲ."

ಆ ಊರಿನಲ್ಲಿ ಸುದ್ದಿ ಸಾರುವುದೇ ಅವನ ಕಸುಬು. ಸೈಕಲ್ಲಿನ ಮುಂದೆ ಕಹಳೆಯಂಥ ಮೈಕು, ಹಿಂದಿನ ಕ್ಯಾರಿಯರಿನಲ್ಲಿ ಬ್ಯಾಟರಿ, ಬಾಯಿಯ ಹತ್ತಿರ ಕರವಸ್ತ್ರ ಸುತ್ತಿದ ಹಿಡಿಕೆ. ಮಕ್ಕಳಿಗೆ ಲಸಿಕೆ ಹಾಕುವುದು ಯಾವಾಗ, ನೀರು ಬಿಡುವುದು ಎಷ್ಟು ಹೊತ್ತಿಗೆ, ಯಾರ ಮೇಕೆ ಕಳೆಯಿತು, ಯಾರು ತೀರಿಕೊಂಡರು, ಎಲ್ಲ ಅವನ ಬಾಯಿಂದಲೇ ಬರಬೇಕು. ಏನು ಸಾರಿದರೂ ಕೊನೆಗೆ ಆ ಮಾತು ಹೇಳಿಯೇ ಮೈಕು ಆರಿಸುತ್ತಿದ್ದ: ನೋಡಿ ಬಂದೇ ಹೇಳ್ತಿದ್ದೀನಿ.

ಆ ಅಭ್ಯಾಸ ಬಿದ್ದದ್ದಕ್ಕೂ ಒಂದು ಕಥೆಯಿತ್ತು. ಕಸುಬು ಶುರು ಮಾಡಿದ ಹೊಸದರಲ್ಲಿ ಯಾರೋ ಅಳಿಯ ಓಡಿ ಬಂದು ನಮ್ಮ ಮಾವ ಹೋಗಿಬಿಟ್ಟರು ಎಂದನಂತೆ. ಇವನು ಹಿಂದೆಮುಂದೆ ನೋಡದೆ ಮೈಕು ಹಚ್ಚಿಕೊಂಡು, ಬೀದಿ ಬೀದಿ ಸಾರಿಕೊಂಡು, ಕಡೆಗೆ ಸತ್ತವನ ಮನೆಯ ಮುಂದೆಯೇ ಬಂದು ದುಃಖದಿಂದ ಹೇಳುತ್ತಿದ್ದಾಗ ಬಾಗಿಲು ತೆರೆಯಿತು. ಸತ್ತ ಮುದುಕನೇ ಹೊರಗೆ ಬಂದ! "ಯಾವನೋ ಅವನು ಬಾಗಿಲಲ್ಲಿ ಬಡಕೊಳ್ತಿರೋದು? ಒಂದು ಗಳಿಗೆ ಕಣ್ಣು ಮುಚ್ಚೋಕೆ ಬಿಡಲ್ವಲ್ಲ!" ಎಂದು ಕೋಲು ಎತ್ತಿದ. ಅಂದಿನಿಂದ ಮೈಕಣ್ಣ ಸಾವಿನ ಮನೆಗೆ ಹೋದರೆ ಮೊದಲು ಚಪ್ಪಲಿ ಬಿಟ್ಟು ಒಳಗೆ ಹೋಗುವುದು, ಮುಖದ ಮೇಲಿನ ಬಟ್ಟೆ ಸರಿಸಿ ನೋಡುವುದು, ಹೊರಗೆ ಬಂದು ಒಂದು ಗಳಿಗೆ ತಲೆ ತಗ್ಗಿಸಿ ನಿಲ್ಲುವುದು, ಆಮೇಲೆ ಮೈಕು.

ಸಾವಿನ ಸುದ್ದಿ ಸಾರುವಾಗ ಆ ಊರಲ್ಲಿ ಯಾರೂ ಅಡ್ಡ ಬಾಯಿ ಹಾಕುತ್ತಿರಲಿಲ್ಲ. ನಲ್ಲಿಯ ಮುಂದೆ ಜುಟ್ಟು ಜುಟ್ಟು ಹಿಡಿದುಕೊಂಡ ಹೆಂಗಸರೂ ಹಿಡಿದ ಜುಟ್ಟು ಹಿಡಿದಂತೆಯೇ ಬಾಯಿ ಮುಚ್ಚುತ್ತಿದ್ದರು. ಮೆರವಣಿಗೆ ಹೊರಟಿದ್ದರೆ ಘೋಷಣೆ ನಿಲ್ಲುತ್ತಿತ್ತು. ಸುದ್ದಿ ಮುಗಿದ ಮೇಲೆ ಮತ್ತೆ ಜುಟ್ಟು, ಮತ್ತೆ ಘೋಷಣೆ.

ಅವಳ ಗಂಡ ನೀರುಗಂಟಿ. ಊರಾಚೆ ದಿಬ್ಬದ ಮೇಲೆ ಎರಡು ದೊಡ್ಡ ತೊಟ್ಟಿಗಳು, ಅಲ್ಲಿಂದ ಬೀದಿ ಬೀದಿಗೆ ಪೈಪು. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲೆ ಹಾಕಿಕೊಂಡು ವಾಲ್ವು ತಿರುಗಿಸುವುದು, ತೊಟ್ಟಿ ತೊಳೆಸುವುದು, ಬ್ಲೀಚಿಂಗ್ ಪುಡಿ ಕಲಸಿ ಹಾಕುವುದು, ಇದೇ ಅವನ ದಿನಚರಿ. ವರ್ಷಗಟ್ಟಲೆ ಆ ಪುಡಿ ಮೂಸಿ ಮೂಸಿ ಅವನ ಮೂಗು ಸತ್ತುಹೋಗಿತ್ತು. ಹಾಗಾಗಿ ಪುಡಿ ಹಾಕಿದ ದಿನ ಮೊದಲ ಬಿಂದಿಗೆ ಮನೆಗೆ ತಂದು ಹೆಂಡತಿಗೆ ಕುಡಿಸಿ ನೋಡುತ್ತಿದ್ದ. "ವಾಸನೆ ಜಾಸ್ತಿ ಆಯ್ತಾ?" ಅವಳು ಒಂದು ಲೋಟ ಕುಡಿದು, ಸರಿಯಿದೆ ಎಂದ ಮೇಲೆಯೇ ಊರಿಗೆ ನೀರು. ಊರಿನವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವನು ಮೈಕಣ್ಣನೊಬ್ಬ. ನೀರಿನ ಹೊತ್ತು ತಿಳಿದುಕೊಳ್ಳಲು ಬೆಳಗ್ಗೆ ಬಂದವನು ಬಾಗಿಲಲ್ಲಿ ಸೈಕಲ್ ಒರಗಿಸಿ, "ಅಕ್ಕಾ, ಇನ್ನೂ ಬದುಕಿದ್ದೀರಾ? ಹಾಗಾದ್ರೆ ನೀರು ಬಂತು ಅಂತ ಸಾರ್ತೀನಿ" ಎನ್ನುತ್ತಿದ್ದ. ಅವಳನ್ನು ಅಕ್ಕ ಎಂದ ಮೇಲೆ ಅವಳ ಗಂಡ ಭಾವನಾದ. "ಭಾವ, ನಮ್ಮ ಅಕ್ಕನ್ನ ಇಲಿ ಮಾಡ್ಕೊಂಡಿದ್ದೀಯಲ್ಲ, ಪ್ರಯೋಗಕ್ಕೆ!" ಗಂಡ ನಗುತ್ತಿದ್ದ. ಅವನು ನಕ್ಕರೆ ಸದ್ದು ಬರುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು.

ಹೀಗೇ ಇದ್ದಿದ್ದರೆ ಮೈಕಣ್ಣನ ಬಗ್ಗೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಇಂಥವರು ಎಲ್ಲ ಊರಲ್ಲೂ ಇರುತ್ತಾರೆ, ಹೋಗುತ್ತಾರೆ.

ಊರಿನ ನೀರನ್ನು ಒಂದು ಕಂಪನಿಗೆ ಒಪ್ಪಿಸುತ್ತಾರೆ ಎಂಬ ಮಾತು ಹುಟ್ಟಿತು. ಮಾತು ಸುಳ್ಳಲ್ಲ. ತೊಟ್ಟಿ ಅವರದು, ಪೈಪು ಅವರದು, ಬೀದಿ ನಲ್ಲಿಗಳನ್ನೆಲ್ಲ ಕಿತ್ತು ಮನೆಮನೆಗೆ ಮೀಟರು. ಮೀಟರಿಗೆ ಕಟ್ಟಲಾಗದವನು ಬಾಯಿ ಒಣಗಿಸಿಕೊಂಡು ಕೂರಬೇಕು. ಇದು ಹಾಡುಹಗಲಿನ ಅನ್ಯಾಯ, ಇದರಲ್ಲಿ ಎರಡು ಮಾತಿಲ್ಲ. ಮುಂದೆ ನಡೆದದ್ದನ್ನು ಓದಿ ಕಂಪನಿಯವರೇ ಸಾಚಾ ಎಂದು ಯಾರೂ ತಿಳಿದುಕೊಳ್ಳುವುದು ಬೇಡ.

ಅದರ ವಿರುದ್ಧ ಸಮಿತಿ ಕಟ್ಟಿದವರು ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ, ಶಾಲೆ ಬಿಟ್ಟು, ಜನರ ಕೆಲಸಕ್ಕೆ ಇಳಿದವರು. ಬಾಡಿಗೆಯ ಒಂದು ಕೋಣೆ, ಒಗೆದು ಒಗೆದು ಕಾಲರು ಸವೆದ ಅಂಗಿ. ಯಾರ ಮನೆಯಲ್ಲೂ ಒಂದು ಲೋಟ ಚಹಾ ಬಿಟ್ಟಿ ಕುಡಿದವರಲ್ಲ. ಅವರು ಕಳ್ಳರೋ ಸುಳ್ಳರೋ ಆಗಿದ್ದರೆ ಎಷ್ಟು ಸುಲಭವಿತ್ತು! ಬಾಯಿ ತುಂಬ ಬೈದು ನೆಮ್ಮದಿಯಾಗಿ ಇರಬಹುದಿತ್ತು. ಅವರು ಹಾಗಿರಲಿಲ್ಲ. ಅದಕ್ಕೇ ಅವಳ ಹೊಟ್ಟೆ ಇವತ್ತಿಗೂ ಉರಿಯುವುದು.

ಮೇಷ್ಟ್ರು ಸಭೆ ಕರೆದರು. ಜನ ಬರಲಿಲ್ಲ. ಮತ್ತೆ ಕರೆದರು. ಬಂದವರು ನೆರಳಿದ್ದ ಕಡೆ ಕೂತು ತೂಕಡಿಸಿದರು. ಒಬ್ಬರಿಗೆ ಕೆಲಸ, ಒಬ್ಬರಿಗೆ ಮೈಗಳ್ಳತನ, ಒಬ್ಬರಿಗೆ ನಮ್ಮ ಮನೆಗೆ ಮೀಟರು ಬರುವ ಹೊತ್ತಿಗೆ ನೋಡಿಕೊಳ್ಳೋಣ ಎಂಬ ಉಡಾಫೆ. ಕಂಪನಿಯ ಒಪ್ಪಂದಕ್ಕೆ ಸಹಿ ಹಾಕುವ ದಿನ ಬಂದೇಬಿಟ್ಟಿತು.

ಆ ದಿನ ಬೆಳಗ್ಗೆ ಗಂಡ ಎಂದಿನಂತೆ ಬಿಂದಿಗೆ ಹೊತ್ತು ತಂದ. ಅವಳು ಒಂದು ಲೋಟ ಕುಡಿದಳು. "ಸ್ವಲ್ಪ ಘಾಟು, ಅಷ್ಟೇ. ಸರಿಯಿದೆ" ಎಂದಳು. "ಇನ್ನೊಂದು ತೊಟ್ಟಿಗೂ ಪುಡಿ ಹಾಕಿ ಬಂದುಬಿಡ್ತೀನಿ, ಒಲೆ ಹಚ್ಚಿರು" ಎಂದು ಅವನು ಹೊರಟ. ಎರಡು ಕಾಲ ಮೇಲೆ ನೆಟ್ಟಗೆ ಅವನು ನಡೆದು ಹೋದದ್ದನ್ನು ಅವಳು ನೋಡಿದ್ದು ಅದೇ ಕೊನೆ.

ಅದೇ ಹೊತ್ತಿನಲ್ಲಿ ಮೇಷ್ಟ್ರು ಮೈಕಣ್ಣನ ಮನೆಯ ಮುಂದೆ ನಿಂತಿದ್ದರು. ಅಲ್ಲಿ ಆದ ಮಾತನ್ನು ಮೈಕಣ್ಣ ಆಮೇಲೆ ಎಷ್ಟು ಸಲ ಹೇಳಿದನೆಂದರೆ ಅವಳಿಗೆ ಅದು ಬಾಯಿಪಾಠ.

"ತೊಟ್ಟಿಗೆ ವಿಷ ಬೆರೆಸಿದ್ದಾರೆ ಕಣೋ. ಕಂಪನಿಯವರ ಕೆಲಸ. ಸರ್ಕಾರದ ನೀರು ಕುಡಿದು ಜನ ಸತ್ತರು ಅಂತಾಗಬೇಕು ಅವರಿಗೆ. ಬೇಗ ಹೊರಡು."

"ಇರಿ ಮೇಷ್ಟ್ರೇ, ಒಂದು ಸಲ ಹೋಗಿ ನೋಡಿ ಬರ್ತೀನಿ."

"ನೀನು ದಿಬ್ಬ ಹತ್ತಿ ಇಳಿಯೋ ಹೊತ್ತಿಗೆ ಎಷ್ಟು ಮಕ್ಕಳು ಕುಡಿದಿರ್ತಾರೆ? ನಾನು ನೋಡಿ ಬಂದಿದ್ದೀನಿ. ನಿನಗೆ ಅ ಆ ಇ ಈ ಹೇಳಿಕೊಟ್ಟವನು ನಾನು. ನನ್ನ ಕಣ್ಣು ಬೇರೆ, ನಿನ್ನ ಕಣ್ಣು ಬೇರೆನಾ?"

ಅಷ್ಟು ಸಾಕಾಯಿತು. ಅವನು ಸೈಕಲ್ ಹತ್ತಿದ. "ನೀರು ಕುಡೀಬೇಡಿ! ತೊಟ್ಟಿ ನೀರಿಗೆ ವಿಷ ಹಾಕಿದ್ದಾರೆ! ಮಕ್ಕಳಿಗೆ ಕೊಡಬೇಡಿ! ಎಲ್ಲರೂ ತೊಟ್ಟಿ ಹತ್ರ ಬನ್ನಿ!" ಇಷ್ಟೇ ಹೇಳಿದ್ದರೆ ಜನ ಬಾಗಿಲಿಗೆ ಬಂದು, ಏನಂತೆ ಎತ್ತಂತೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು ನಿಲ್ಲುತ್ತಿದ್ದರೋ ಏನೋ. ಆದರೆ ವರ್ಷಗಳಿಂದ ನಾಲಿಗೆಗೆ ಅಂಟಿದ ಮಾತು ತಾನಾಗಿ ಹಿಂದೆಯೇ ಉರುಳಿತು.

"ನೋಡಿ ಬಂದೇ ಹೇಳ್ತಿದ್ದೀನಿ!"

ಒಲೆಯ ಮುಂದೆ ಕೂತಿದ್ದ ಅವಳು ಎದ್ದು ನಿಂತಳು. ತಾನು ಈಗ ತಾನೇ ಕುಡಿದ ನೀರು! ಹೊಟ್ಟೆ ಹಿಡಿದುಕೊಂಡಳು. ಏನೂ ಆಗಿರಲಿಲ್ಲ. ಮೈಕಣ್ಣ ನೋಡಿದ್ದಾನಂತಲ್ಲ ಎಂದು ಮತ್ತೆ ಹಿಡಿದುಕೊಂಡಳು. ಕಟ್ಟಿಕೊಂಡ ಹೆಂಡತಿಯೇ, ಹೊಟ್ಟೆಯಲ್ಲಿ ಆ ನೀರು ಇಟ್ಟುಕೊಂಡೇ, ಒಂದು ಕ್ಷಣ ನಂಬಿದಳು ಎಂದ ಮೇಲೆ ಊರು ನಂಬಿದ್ದಕ್ಕೆ ಏನು ಹೇಳುವುದು?

ಸಭೆಗೆ ಬಾರದ ಜನ ಈಗ ಬಂದರು. ಅಂಗಡಿ ಮುಚ್ಚಿ ಬಂದರು, ಹಸಿ ಬಾಣಂತಿಯರು ಬಂದರು, ಕೋಲು ಊರುವವರು ಕೋಲು ಎತ್ತಿಕೊಂಡು ಬಂದರು. ದಿಬ್ಬ ಹತ್ತಿ ನೋಡಿದರೆ ತೊಟ್ಟಿಯ ಅಂಚಿನಲ್ಲಿ ನೀರುಗಂಟಿ ನಿಂತಿದ್ದಾನೆ. ಪಕ್ಕದಲ್ಲಿ ಬಕೆಟ್ಟು, ಮೊಣಕೈವರೆಗೆ ಬಿಳಿ ಪುಡಿ.

ಮುಂದಿನದನ್ನು ಅವಳು ಕಣ್ಣಾರೆ ನೋಡಲಿಲ್ಲ. ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನದೇ ಕಬ್ಬಿಣದ ಕೀಲಿ ಕಿತ್ತುಕೊಂಡು ಅವನಿಗೇ ಹೊಡೆದಿದ್ದರು. ಅವನು ತೊಟ್ಟಿಯ ಗೋಡೆಗೆ ಒರಗಿ ಕೂತಿದ್ದ. ಬಲಗಾಲು ಮೊಣಕಾಲಿನಿಂದ ಕೆಳಗೆ ಬೇರೆ ಯಾರದೋ ಕಾಲಿನಂತೆ ಪಕ್ಕಕ್ಕೆ ತಿರುಗಿಕೊಂಡಿತ್ತು. ಅವಳನ್ನು ನೋಡಿ ಅವನು ಕೇಳಿದ್ದು ಒಂದೇ ಮಾತು: "ನೀನು ಕುಡಿದೆಯಲ್ಲೇ. ಹೇಳೇ ಇವರಿಗೆ."

ಅವಳು ಹೇಳಿದಳು. ಕಿರುಚಿ ಹೇಳಿದಳು. ಬೊಗಸೆ ತುಂಬ ತೊಟ್ಟಿಯ ನೀರು ಮೊಗೆದು ಅಲ್ಲಿ ಉಳಿದವರ ಮುಂದೆ ಕುಡಿದಳು. ಆದರೆ ಜನ ಆಗಲೇ ದಿಬ್ಬ ಇಳಿದು ಸಹಿ ಹಾಕುವ ಕಚೇರಿಯ ಕಡೆ ನುಗ್ಗುತ್ತಿದ್ದರು. ಕಂಪನಿಯ ಕಾರು ಹಿಂದಕ್ಕೆ ತಿರುಗಿತು. ಆ ಸಂಜೆಯೇ ಒಪ್ಪಂದ ರದ್ದಾಯಿತು. ಊರು ಗೆದ್ದಿತು! ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಮಾರನೆಯ ದಿನ ಮೈಕಣ್ಣ ಆಸ್ಪತ್ರೆಯ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಅವಳು ಎದ್ದು ಹೋಗಿ ಅವನ ಅಂಗಿ ಹಿಡಿದಳು.

"ನೋಡಿ ಬಂದೆ ಅಂದೆಯಲ್ಲೋ! ಏನು ನೋಡಿದೆ? ಎಲ್ಲಿ ನೋಡಿದೆ?"

"ನೋಡಿರಲಿಲ್ಲ ಅಕ್ಕ."

"ಮತ್ತೆ?"

"ಮೇಷ್ಟ್ರು ನೋಡಿದ್ರು ಅಂತ..."

"ಮೇಷ್ಟ್ರು ಸಗಣಿ ತಿನ್ನು ಅಂದ್ರೆ ತಿಂತೀಯಾ?"

ಅವಳು ಅಂಗಿ ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಬೀದಿಯುದ್ದಕ್ಕೂ ಎಳೆದುಕೊಂಡು ಸಮಿತಿಯ ಕೋಣೆಗೆ ಕರೆದೊಯ್ದಳು. ಅವನು ಎಳೆಸಿಕೊಂಡು ಬಂದ.

ಮೇಷ್ಟ್ರು ಒಬ್ಬರೇ ಇದ್ದರು. ಅವಳಿಗೆ ಕುರ್ಚಿ ಹಾಕಿದರು. ಸುಳ್ಳು ಹೇಳಲಿಲ್ಲ, ಅದನ್ನೂ ಹೇಳಬೇಕು.

"ವಿಷ ಇರಲಿಲ್ಲ ತಾಯಿ. ನನಗೆ ಗೊತ್ತಿತ್ತು. ಆದ್ರೆ ಕಂಪನಿ ಕೈಗೆ ಹೋಗಿದ್ರೆ ಆ ನೀರು ವಿಷವೇ ಆಗ್ತಿತ್ತು. ನಿಜ ಹೇಳಿ ಕರೆದೆ, ಯಾರೂ ಬರಲಿಲ್ಲ. ನೀವೇ ನೋಡಿದ್ದೀರಿ. ನಿಮ್ಮ ಯಜಮಾನರಿಗೆ ಹೀಗಾಗುತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ."

"ತೊಟ್ಟಿಗೆ ಯಾರೋ ವಿಷ ಹಾಕಿದ್ದಾರೆ ಅಂದ್ರೆ ಜನ ತೊಟ್ಟಿ ಹತ್ರ ಇರೋನನ್ನ ಹೊಡೀದೆ ಆರತಿ ಎತ್ತುತ್ತಾರಾ? ಇಷ್ಟು ಓದಿದ್ದೀರಿ, ಇಷ್ಟು ಹೊಳೀಲಿಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನನ್ನ ಕಾಲು ಕೊಟ್ಟು ಊರಿನ ನೀರು ಉಳಿಯೋದಾಗಿದ್ರೆ ಕೊಡ್ತಿದ್ದೆ ತಾಯಿ. ಆಣೆ ಮಾಡಿ ಹೇಳ್ತೀನಿ."

"ಕೊಡಬೇಕಾಗಿತ್ತು! ಯಾರು ಬೇಡ ಅಂದ್ರು? ಆ ಕಚೇರಿ ಬಾಗಿಲಲ್ಲಿ ನೀವು ಅಡ್ಡ ಮಲಗಬೇಕಾಗಿತ್ತು, ನಿಮ್ಮ ಮೈ ಮೇಲೆ ಕಾರು ಹೋಗ್ಲಿ ಅನ್ನಬೇಕಾಗಿತ್ತು. ನಿಮ್ಮ ಕಾಲು ನಿಮ್ಮದು, ಯಾರಿಗೆ ಬೇಕಾದ್ರೂ ದಾನ ಮಾಡಿ. ನಮ್ಮೋರ ಕಾಲನ್ನ ದಾನ ಮಾಡೋಕೆ ನೀವ್ಯಾರು? ಅವರನ್ನ ಒಂದು ಮಾತು ಕೇಳಿದ್ರಾ? ‘ನಿನ್ನ ಕಾಲು ಬೇಕಾಗಿದೆ ಕಣಪ್ಪ, ಊರಿಗೆ’ ಅಂತ ಕೇಳಿದ್ರಾ?"

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. ಮನಸ್ಸು ಬದಲಿಸಲಿಲ್ಲ. ಆಗ ಮೈಕಣ್ಣ ಬಾಯಿ ತೆರೆದ.

"ಮೇಷ್ಟ್ರೇ, ನಾನು ಇವತ್ತೇ ಸಾರಿಬಿಡ್ತೀನಿ. ವಿಷ ಇರಲಿಲ್ಲ, ನಾನು ನೋಡಿರಲಿಲ್ಲ, ನೀರುಗಂಟಿದು ಏನೂ ತಪ್ಪಿಲ್ಲ ಅಂತ."

"ಈಗ ಬೇಡ. ಈಗ ಹೇಳಿದ್ರೆ ಸಮಿತಿಯೇ ಸುಳ್ಳು ಅಂತಾರೆ, ಕಂಪನಿ ಮತ್ತೆ ಬರುತ್ತೆ. ಅವರ ಕಾಲೂ ಹೋಯ್ತು, ನೀರೂ ಹೋಯ್ತು ಅಂತಾಗುತ್ತೆ. ಸ್ವಲ್ಪ ದಿನ ಹೋಗಲಿ."

ಸ್ವಲ್ಪ ದಿನ! ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಮೊದಲು ಕಂಪನಿಯ ಭಯ. ಆಮೇಲೆ ಚುನಾವಣೆ, ಮೇಷ್ಟ್ರು ನಿಂತಿದ್ದರು, ಈಗ ಹೇಳಿದರೆ ಎದುರು ಪಕ್ಷದವರು ಬಿಡುವುದಿಲ್ಲ. ಗೆದ್ದ ಮೇಲೆ, ಈಗ ತಾನೇ ಕೆಲಸ ಶುರು ಮಾಡಿದ್ದೇವೆ. ಮೇಷ್ಟ್ರು ಕೆಲಸ ಮಾಡಿದ್ದೂ ಹೌದು: ಹೊಸ ಪೈಪು ಬಂತು, ಬೀದಿ ನಲ್ಲಿಗಳು ಹೆಚ್ಚಾದವು. ಒಂದು ಸುಳ್ಳನ್ನು ಹುಟ್ಟಿಸುವುದಕ್ಕೆ ಒಂದು ಬೆಳಗ್ಗೆ ಸಾಕಾಯಿತು. ಅದನ್ನು ಸಾಕುವುದಕ್ಕೆ ಒಂದು ಆಯುಷ್ಯವೇ ಹಿಡಿಯಿತು.

ಮೈಕಣ್ಣ ಅವರ ಮಾತು ಕೇಳಲಿಲ್ಲ. ಅದೇ ದಿನ ಸೈಕಲ್ ಹತ್ತಿ ಸಾರಲು ಹೊರಟ. ಮೊದಲ ಬೀದಿ ದಾಟುವಷ್ಟರಲ್ಲಿ ಸಮಿತಿಯ ಹುಡುಗರು ಬಂದು ಮೈಕು ಕಿತ್ತುಕೊಂಡರು. ಅದು ಸಮಿತಿ ಕೊಡಿಸಿದ್ದ ಹೊಸ ಮೈಕು. ಅವನು ಬರಿಗಂಟಲಲ್ಲೇ ಕೂಗಿಕೊಂಡು ಹೋದ. ನಲ್ಲಿಯ ಮುಂದೆ ನಿಂತ ಹೆಂಗಸರು ಕೇಳಿದರು, "ನೀನೇ ತಾನೇ ನಿನ್ನೆ ನೋಡಿ ಬಂದೆ ಅಂದಿದ್ದು?"

"ಹೌದು. ಆದ್ರೆ ನೋಡಿರಲಿಲ್ಲ."

"ಹಾಗಾದ್ರೆ ಇವತ್ತಾದ್ರೂ ನೋಡಿದ್ದೀಯಾ?" ಎಂದು ಒಬ್ಬಳು ನಕ್ಕಳು. ಇನ್ನೊಬ್ಬಳು, "ಕಂಪನಿಯೋರು ಬಾಯಿಗೆ ಏನೋ ಹಾಕಿದ್ದಾರೆ ಕಣೇ" ಎಂದಳು. ಸುಳ್ಳು ಹೇಳಿದ್ದಾಗ ನಂಬಿದ ಬೀದಿ ನಿಜ ಹೇಳಿದಾಗ ಕಿಟಕಿ ಹಾಕಿಕೊಂಡಿತು. ಅವನು ಬೀದಿ ಬೀದಿ ಸುತ್ತಿ, ಗಂಟಲು ಬಿದ್ದುಹೋಗಿ, ಕಡೆಗೆ ಬಂದು ಅವಳ ಮನೆಯ ಮೆಟ್ಟಿಲ ಮೇಲೆ ಕೂತ. ಅತ್ತೆ ಒಂದು ಚೊಂಬು ನೀರು ತಂದು ಅವನ ಮುಂದೆ ಕುಕ್ಕಿದಳು. "ಕುಡಿ. ನನ್ನ ಮಗನ ಕಾಲು ಕೊಟ್ಟು ಉಳಿಸಿದ ನೀರು, ಚೆಲ್ಲಬೇಡ."

ಅಲ್ಲಿಗೆ ಅವನ ಕಸುಬು ಮುಗಿಯಿತು. ಪಂಕ್ಚರ್ ಹಾಕುವ ಅಂಗಡಿ ಇಟ್ಟುಕೊಂಡ. ಮೈಕು ಬೇರೆಯವರ ಕೈಗೆ ಹೋಯಿತು. ಆಮೇಲೆ ತೊಟ್ಟಿಯ ಪಕ್ಕದ ನೀರಿನ ಕಚೇರಿಯಲ್ಲೇ ಒಂದು ದೊಡ್ಡ ಮೈಕು ಕೂರಿಸಿದರು. ಏನಿದ್ದರೂ ಅಲ್ಲಿಂದಲೇ ಇಡೀ ಊರಿಗೆ ಕೇಳುವಂತೆ ಹೇಳುವುದು. ಸಾವಿನ ಸುದ್ದಿಯಾದರೆ ಮನೆಯವರೊಬ್ಬರು ಹೋಗಿ ತಾವೇ ಹೇಳಬೇಕು, ಮೈಕಿನವನು ಗುಂಡಿ ಒತ್ತಿ ಪಕ್ಕಕ್ಕೆ ನಿಲ್ಲುತ್ತಾನೆ.

ಗಂಡನಿಗೆ ಕೆಲಸ ಹೋಯಿತು. ಕಾಲು ಕೂಡಿತು, ನೆಟ್ಟಗಾಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಅವನಿಗೆ ಬಿದ್ದ ಹೆಸರು. ಬಾಯಿಬಿಟ್ಟು ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಬಿಸಿಲಲ್ಲಿ ಬಂದ ನೆಂಟರು ಅವನ ಕೈಯ ಲೋಟ ತೆಗೆದುಕೊಂಡು, ತುಟಿಗೆ ತಾಗಿಸಿದಂತೆ ಮಾಡಿ ಕೆಳಗೆ ಇಡುತ್ತಿದ್ದರು. ನಲ್ಲಿಯಲ್ಲಿ ಅವಳ ಬಿಂದಿಗೆ ತಾಗಿದರೆ ಮುಂದಿನವಳು ತನ್ನ ಬಿಂದಿಗೆಯ ಬಾಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಜೀವಮಾನವೆಲ್ಲ ಊರಿಗೆ ನೀರು ಕುಡಿಸಿದವನ ಕೈಯಿಂದ ಒಂದು ಗುಟುಕು ಇಳಿಯುತ್ತಿರಲಿಲ್ಲ ಆ ಜನಕ್ಕೆ!

ಮೈಕಣ್ಣನ ಗಂಟಲಲ್ಲಿ ಮಾತ್ರ ಇಳಿಯುತ್ತಿತ್ತು. ಪ್ರತಿ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಬರುತ್ತಿದ್ದ. ಬೀದಿಯ ನಡುವೆ ನಿಂತು, ಸಾರುತ್ತಿದ್ದ ಕಾಲದ ಅದೇ ದನಿಯಲ್ಲಿ, ನಾಲ್ಕು ಮನೆಗೆ ಕೇಳುವ ಹಾಗೆ ಕೂಗುತ್ತಿದ್ದ: "ಭಾವಾ! ಒಂದು ಚೊಂಬು ನೀರು ಕೊಡು!" ಗಂಡ ಕುಂಟುತ್ತ ತಂದು ಕೊಟ್ಟರೆ ತಲೆ ಎತ್ತಿ, ಎಲ್ಲರ ಕಣ್ಣ ಮುಂದೆ ಗಟಗಟ ಕುಡಿದು, ಖಾಲಿ ಚೊಂಬು ಬೋರಲು ಮಾಡಿ ತೋರಿಸುತ್ತಿದ್ದ. ಮಳೆ ಬರಲಿ, ಜ್ವರ ಬರಲಿ, ತಪ್ಪಿಸಲಿಲ್ಲ.

"ಇವತ್ತು ಸ್ವಲ್ಪ ಜಾಸ್ತಿ ಹಾಕಿದ್ದೀನಿ, ನೋಡು" ಎನ್ನುತ್ತಿದ್ದ ಗಂಡ.

"ಅದಕ್ಕೇ ರುಚಿಯಾಗಿದೆ. ನಾಳೆಗೂ ಇಷ್ಟೇ ಹಾಕು ಭಾವ."

ಗಂಡನ ಹೆಗಲು ಕುಣಿಯುತ್ತಿತ್ತು. ಅವಳು ಒಳಗಿನಿಂದ ನೋಡುತ್ತಿದ್ದಳು. ಗಂಡ ಅವನನ್ನು ಕ್ಷಮಿಸಿದ. ಅವಳು ಕ್ಷಮಿಸಲಿಲ್ಲ. ಕ್ಷಮಿಸಿದಳು ಎಂದು ಯಾರಾದರೂ ಹೇಳಿದರೆ ಅದೂ ನೋಡದೆ ಹೇಳಿದ ಮಾತೇ. ಅವನಿಗೆ ಚಹಾ ಕೊಟ್ಟಳು, ಹುಷಾರಿಲ್ಲದಾಗ ಗಂಜಿ ಕೊಟ್ಟಳು, ಹರಿದ ಅಂಗಿ ಹೊಲಿದು ಕೊಟ್ಟಳು. ಕ್ಷಮೆ ಮಾತ್ರ ಕೊಡಲಿಲ್ಲ. ಅವನೂ ಕೇಳಲಿಲ್ಲ.

ಗಂಡ ತೀರಿಕೊಂಡಾಗ ಮೇಷ್ಟ್ರು ಹೂವಿನ ಹಾರ ಹಿಡಿದು ಬಂದರು. ಅಷ್ಟು ಹೊತ್ತಿಗೆ ಅವರಿಗೂ ಬೆನ್ನು ಬಾಗಿತ್ತು. "ನೀರಿನ ಹೋರಾಟಕ್ಕೆ ಇವರದೂ ಒಂದು ತ್ಯಾಗ" ಎಂದು ಬಾಗಿಲಲ್ಲಿ ನಿಂತ ನಾಲ್ಕು ಜನರ ಮುಂದೆ ಹೇಳಿದರು.

ಅವಳಿಗೆ ಉರಿದುಹೋಯಿತು. "ತ್ಯಾಗ ಅಂದ್ರೆ ತಾನಾಗಿ ಕೊಡೋದು ಮೇಷ್ಟ್ರೇ. ಕಿತ್ತುಕೊಂಡಿದ್ದಕ್ಕೆ ಏನಂತಾರೆ, ಶಾಲೆಯಲ್ಲಿ ನೀವೇ ಮಕ್ಕಳಿಗೆ ಹೇಳಿಕೊಟ್ಟಿರಬೇಕಲ್ಲ" ಎಂದಳು. ಹಾರವನ್ನು ಅವರ ಕೈಗೇ ವಾಪಸು ಕೊಟ್ಟಳು. ಮೇಷ್ಟ್ರು ಅದನ್ನು ಹಿಡಿದುಕೊಂಡು ಎಲ್ಲಿ ಇಡುವುದೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದರು.

ಮಾರನೆಯ ಬೆಳಗ್ಗೆ ಬೀದಿಯಲ್ಲಿ ದನಿ ಕೇಳಿತು. "ಅಕ್ಕಾ! ಒಂದು ಚೊಂಬು ನೀರು!" ಇನ್ನು ಯಾರ ಹೆಸರು ಉಳಿಸಬೇಕಾಗಿತ್ತು ಅವನಿಗೆ? ಆದರೂ ಬಂದಿದ್ದ. ಅವಳು ಕೊಟ್ಟಳು. ಅವನು ಕುಡಿದು ಚೊಂಬು ಬೋರಲು ಮಾಡಿದ.

ಮೊನ್ನೆ ಮೊನ್ನೆ ದಿಬ್ಬದ ಮೇಲೆ ಕಲ್ಲು ನಿಲ್ಲಿಸಿದರು. ಈ ತೊಟ್ಟಿಗೆ ವಿಷವಿಕ್ಕಲು ಬಂದವರನ್ನು ಜನ ಓಡಿಸಿದ ದಿನದ ನೆನಪಿಗೆ, ಎಂದು ಕೆತ್ತಿದ್ದಾರಂತೆ. ಅವಳಿಗೆ ಓದಲು ಬರುವುದು ಅಷ್ಟಕ್ಕಷ್ಟೆ, ಮೈಕಣ್ಣ ಹೋಗಿ ನೋಡಿ ಬಂದು ಹೇಳಿದ. ಅದರ ಕೆಳಗೆ ಅವನ ಹೆಸರೂ ಇದೆಯಂತೆ: ಹೋರಾಟದ ದನಿ.

"ನನ್ನನ್ನೇ ಕರೆದಿದ್ರು ಅಕ್ಕ, ಕಲ್ಲು ನಿಲ್ಲಿಸೋ ದಿನ ಮೈಕಲ್ಲಿ ಮಾತಾಡು ಅಂತ. ಬಂದ್ರೆ ನಿಜಾನೇ ಹೇಳ್ತೀನಿ ಅಂದೆ. ಹಾಗಾದ್ರೆ ಬರಬೇಡ ಅಂದ್ರು." ಮೆಟ್ಟಿಲ ಮೇಲೆ ಕೂತು ಅವನು ಉಸಿರು ಎಳೆದುಕೊಳ್ಳುತ್ತಿದ್ದ. ಆಗಲೇ ಎದೆಯಲ್ಲಿ ನೀರು ತುಂಬಿಕೊಳ್ಳಲು ಶುರುವಾಗಿತ್ತು. "ಈಗ ಕಲ್ಲಿನ ಮೇಲೆ ಬರೆದುಬಿಟ್ಟಿದ್ದಾರೆ. ನಾನು ಸಾಯೋದನ್ನೇ ಕಾಯ್ತಿದ್ದಾರೆ, ಮಿಕ್ಕ ಸುಳ್ಳನ್ನ ಮೈಕಲ್ಲಿ ಹೇಳೋಕೆ."

ಅದಾದ ಮೇಲೆ ಅವನಿಗೆ ಬೀದಿಗೆ ಬರಲಾಗಲಿಲ್ಲ. ಅವಳೇ ಬೆಳಗ್ಗೆ ಚೊಂಬಿನಲ್ಲಿ ನೀರು ತೆಗೆದುಕೊಂಡು ಅವನ ಕೋಣೆಗೆ ಹೋಗುತ್ತಿದ್ದಳು. ಒಂಟಿ ಜೀವ. ಗೋಡೆಯ ಮೊಳೆಗೆ ಹಳೆಯ ಟ್ಯೂಬುಗಳು, ಮೂಲೆಯಲ್ಲಿ ಆ ಸೈಕಲ್ಲು. ಒಂದು ಬೆಳಗ್ಗೆ ಅವನು ಎದ್ದು ಕೂರಲು ಹವಣಿಸಿದ. ಅವಳು ಬೆನ್ನಿಗೆ ದಿಂಬು ಕೊಟ್ಟಳು. ಎರಡು ಗುಟುಕು ಕುಡಿದ, ಚೊಂಬು ಬೋರಲು ಮಾಡಲು ನೋಡಿ ಹಾಸಿಗೆಯೆಲ್ಲ ನೆನೆಸಿಕೊಂಡ.

"ಸಾಕು ಬಿಡು ನಿನ್ನ ನಾಟಕ. ಇಲ್ಲಿ ನೋಡೋರು ಯಾರಿದ್ದಾರೆ?"

"ನೀವಿದ್ದೀರಲ್ಲ." ಉಸಿರು ಎಳೆದುಕೊಂಡು ಹೇಳಿದ: "ಅಕ್ಕ, ಸಾವಿನ ಸುದ್ದಿಗೆ ಇವತ್ತಿಗೂ ಯಾರೂ ಅಡ್ಡ ಬರಲ್ಲ, ಅಲ್ವಾ?"

"ಇಲ್ಲ. ಅದೊಂದು ಮರ್ಯಾದೆ ಉಳಿದಿದೆ."

"ಮೈಕು ಕಿತ್ಕೊಳ್ಳಲ್ಲ?"

"ಯಾಕೋ?"

"ನಂದು ನೀವು ಹೇಳಬೇಕು. ಮನೆಯೋರು ಯಾರು ಅಂದ್ರೆ ನಾನೇ ಅನ್ನಿ. ಇಷ್ಟು ವರ್ಷ ಅಕ್ಕ ಅಂದಿದ್ದೀನಿ, ಸುಮ್ನೆ ಅಂದಿಲ್ಲ. ಮೊದಲು ನನ್ನ ಹೆಸರು ಹೇಳಿ, ಬೀದಿ ಹೇಳಿ, ಎಷ್ಟು ಹೊತ್ತಿಗೆ ಮಣ್ಣು ಅಂತ ಹೇಳಿ. ಎಲ್ಲರೂ ಬಾಯಿ ಮುಚ್ಚಿ ಕೇಳ್ತಿರ್ತಾರೆ. ಆವಾಗ ಹೇಳಿಬಿಡಿ. ಆ ದಿನ ತೊಟ್ಟಿಯಲ್ಲಿ ವಿಷ ಇರಲಿಲ್ಲ. ಇವನು ನೋಡಿರಲಿಲ್ಲ, ನೋಡಿದೆ ಅಂದ. ನೀರುಗಂಟಿದು ಏನೂ ತಪ್ಪಿಲ್ಲ. ಇಷ್ಟೇ. ನೀವು ಆ ನೀರು ಕುಡಿದಿದ್ರಿ, ನೀವು ನೋಡಿದೋರು. ನಿಮ್ಮ ಬಾಯಿಗೆ ಆ ಮಾತು ಒಪ್ಪುತ್ತೆ, ನನ್ನ ಬಾಯಿಗೆ ಒಪ್ಪಲ್ಲ."

ಅವಳಿಗೆ ಬೈಯಬೇಕೆನಿಸಿತು, ಅಳಬೇಕೆನಿಸಿತು. ಬೈಗುಳವೇ ಮೊದಲು ಬಂತು. "ಬದುಕಿದ್ದಾಗ ಊರೆಲ್ಲ ಸುಳ್ಳು ಸಾರಿ, ಸತ್ತ ಮೇಲೆ ಅದನ್ನ ಒರೆಸೋ ಕೆಲಸ ನನಗೆ ಹಚ್ಚುತ್ತೀಯಾ?"

"ಹೂಂ ಅಕ್ಕ."

"ಹೇಳ್ತೀನಿ. ಆ ಕಲ್ಲು ಬಿರುಕು ಬಿಡೋ ಹಾಗೆ ಹೇಳ್ತೀನಿ."

ಅವನು ಕಣ್ಣು ಮುಚ್ಚಿದ. ಮಲಗಿದನೆಂದು ಅವಳು ಚೊಂಬು ಎತ್ತಿಕೊಂಡು ಬಾಗಿಲ ಹತ್ತಿರ ಬಂದಳು. ಹಿಂದಿನಿಂದ ಕರೆದ.

"ಅಕ್ಕಾ. ಯಾರೋ ಬಂದು ಹೇಳಿದ್ರು ಅಂತ ಓಡಿಬಿಡಬೇಡಿ. ಮೊದಲು ನೀವೇ ಇಲ್ಲಿಗೆ ಬನ್ನಿ. ಒಳಗೆ ಬಂದು, ಬಟ್ಟೆ ಸರಿಸಿ, ಮುಖ ನೋಡಿ. ಆಮೇಲೆ ಹೋಗಿ ಹೇಳಿ."